74ನೇ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?

ಬ್ರಿಟಿಷ್ ಲೇಖಕಿ ಬರ್ನಾರ್ಡೀನ್ ಎವರಿಸ್ಟೊ ಅವರ ಕಾದಂಬರಿ ‘ಮಿಸ್ಟರ್ ಲವರ್‌ಮ್ಯಾನ್’ ಓದಿ ಅಂತ ಯಾರಿಗೆ ಹೇಳಿದರೂ ಇದೇ ಪ್ರಶ್ನೆ. ಕಥೆ ಕೇಳುತ್ತಾರೆ, ಹೇಳುತ್ತೇನೆ. ಕೆರಿಬಿಯನ್ನಿನ ಆಂಟಿಗುವಾ ದ್ವೀಪದಿಂದ ಬಂದು ಲಂಡನ್ನಿನ ಹ್ಯಾಕ್ನಿಯಲ್ಲಿ ನೆಲೆಸಿದ ಬ್ಯಾರಿಂಗ್ಟನ್ ವಾಕರ್‌ಗೆ 74 ವರ್ಷ. ಕಾರ್ಮೆಲ್ ಜೊತೆ ಮದುವೆಯಾಗಿ 50 ವರ್ಷ. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮೊಮ್ಮಗ. ಆದರೆ ಅವನ ಪ್ರೀತಿ ಚಿಕ್ಕಂದಿನ ಗೆಳೆಯ ಮಾರಿಸ್ ಮೇಲೆ. ಇಷ್ಟು ವರ್ಷ ಅದನ್ನು ಮುಚ್ಚಿಟ್ಟವನು ಈಗ ಹೇಳಿಕೊಳ್ಳಲು ಹೊರಟಿದ್ದಾನೆ. ಇಷ್ಟು ಹೇಳುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ.

ಒಮ್ಮೆ ಗೆಳತಿಯ ಮನೆಯಲ್ಲಿ ಹತ್ತು ಜನ ಸೇರಿದ್ದೆವು. ಹಿರಿಯರೊಬ್ಬರು ಚಕ್ಕುಲಿ ಮುರಿಯುತ್ತಾ, “ಅಲ್ಲಮ್ಮಾ, ಹೇಳ್ಕೊಳ್ಳೋ ಹಾಗಿದ್ರೆ ಆಗಲೇ ಹೇಳ್ಕೋಬೇಕಿತ್ತು. ಈ ವಯಸ್ಸಲ್ಲಿ ಇದೆಲ್ಲ ಬೇಕಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಗಲೇ ಅಂದ್ರೆ ಯಾವಾಗ ಸ್ವಾಮಿ? ಬ್ಯಾರಿಂಗ್ಟನ್, ಮಾರಿಸ್ ಲಂಡನ್ನಿಗೆ ಬಂದಾಗ ಅಲ್ಲೂ ಗಂಡಸರಿಬ್ಬರ ಇಂಥ ಸಂಬಂಧ ಅಪರಾಧವೇ. ಇಂಗ್ಲೆಂಡಿನಲ್ಲಿ ಕಾನೂನು ಸಡಿಲವಾದದ್ದು 1967ರಲ್ಲಿ. ಅದೂ ಇಬ್ಬರಿಗೂ 21 ತುಂಬಿರಬೇಕು, ನಾಲ್ಕು ಗೋಡೆಯೊಳಗೇ ಇರಬೇಕು. ಆಂಟಿಗುವಾದಲ್ಲಿ ಕೋರ್ಟು ಆ ಕಾನೂನನ್ನು ತೆಗೆದುಹಾಕಿದ್ದು 2022ರಲ್ಲಿ. ಕಾದಂಬರಿ ಬಂದದ್ದು 2013ರಲ್ಲಿ! ನಮ್ಮಲ್ಲಿ ಮಾತ್ರ ಏನು, ಇದನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377 2018ರವರೆಗೆ ಇತ್ತಲ್ವಾ? ಕಾನೂನು ಹೋದರೂ ಚರ್ಚಿನವರು, ನೆಂಟರು, ಊರಿನವರು ಎಲ್ಲಿಗೆ ಹೋದರು? ಬಾಯಿ ಬಿಡಲು ಬಿಡದೆ ಕೂರಿಸಿ, ಆಮೇಲೆ ಯಾಕಿಷ್ಟು ತಡ ಅಂತ ಕೇಳುವುದು ಯಾವ ನ್ಯಾಯ?

ಇನ್ನು ಕೆಲವರು, “ಹೆಂಡತಿಗೆ ಮೋಸ ಮಾಡಿದವನ ಪರ ಮಾತಾಡ್ತೀಯಾ?” ಅಂತಾರೆ. ಅವನು ಮೋಸ ಮಾಡಿದ್ದು ನಿಜ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೀಗೆ ಕೇಳುವವರು ಕಾರ್ಮೆಲ್ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅವನನ್ನು ಬೈಯುವುದಕ್ಕಷ್ಟೇ ಅವಳು ಬೇಕು.

ಅವಳ ಕಥೆಯೇ ನನಗೆ ಜಾಸ್ತಿ ನೋವು ಕೊಟ್ಟದ್ದು. ಗಂಡ ಬೇರೆ ಹೆಂಗಸರ ಹಿಂದೆ ಹೋಗುತ್ತಾನೆ ಅಂತಲೇ ಅವಳು ನಂಬಿದ್ದಾಳೆ. ಇಲ್ಲದ ಸವತಿಯರ ಮೇಲೆ ಸಿಟ್ಟು ಮಾಡಿಕೊಂಡೇ ಆಯುಸ್ಸು ಕಳೆದಿದ್ದಾಳೆ. ಮಾರಿಸ್ ಅವಳ ಕಣ್ಣೆದುರೇ ಮನೆಗೆ ಬಂದು ಹೋಗುತ್ತಾನೆ.

ಅವಳ ಅಧ್ಯಾಯಗಳಲ್ಲಿ ‘ನಾನು’ ಇಲ್ಲ, ‘ಅವಳು’ ಇಲ್ಲ. ಕಥೆ ಅವಳನ್ನೇ ಕರೆದು ಮಾತಾಡಿಸುತ್ತದೆ. ಒಂದು ರಾತ್ರಿ ಅಮ್ಮನಿಗೆ ಆ ಪುಟಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ವಯಸ್ಸಾದವಳು ಅಂತ ‘ನೀವು’ ಅಂದೆ. ಅಮ್ಮ ತಡೆದರು. “ರಾತ್ರಿ ನಿದ್ದೆ ಬರದೆ ತನ್ನ ಜೊತೆ ತಾನೇ ಮಾತಾಡೋಳು ನೀವು ಅಂತಾಳಾ? ನೀನು ಅನ್ನು.”

‘ನೀನು’ ಅಂತ ಮೊದಲಿಂದ ಶುರು ಮಾಡಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅಮ್ಮ ಮೆಲ್ಲಗೆ ಕೇಳಿದರು: “ಅವಳನ್ನ ಯಾರಾದ್ರೂ ಯಾವತ್ತಾದ್ರೂ ಪ್ರೀತಿಯಿಂದ ಮುಟ್ಟಿದ್ರಾ?”