ಮುಳ್ಳು ಎಲ್ಲಿರತೈತಿ?

ಹೋದ ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ತಮ್ಮಾ, ದಿನಾ ಗಾಡಿ ಹೊಡಿಯೂವಾಗ ಮುಳ್ಳು ಎಲ್ಲಿರತೈತಿ?"

ಕೇಳಿದವರು ಬೆಳಗಾವಿ ಉದ್ಯಮಬಾಗದ ಮೆಕ್ಯಾನಿಕ್ ಕಾಕಾ. ಅಪ್ಪನ ಕಾಲದಿಂದ ನಮ್ಮ ಮಾರುತಿ ಎಸ್ಟೀಮ್ ಕಾರು ಅವರ ಕೈಯಲ್ಲೇ ಇದೆ. ಮುಳ್ಳು ಅಂದರೆ ಆರ್‌ಪಿಎಂ ಮೀಟರಿನ ಮುಳ್ಳು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವುದು. ಹನ್ನೊಂದು ವರ್ಷದಿಂದ ಆ ಗಾಡಿ ಓಡಿಸುತ್ತಿರುವವನು ನಾನು. ಬೆಳಗಾವಿಯಿಂದ ಕಿತ್ತೂರಿಗೆ, ಮತ್ತೆ ವಾಪಸ್. ನನ್ನ ಬಾಯಿಂದ ಉತ್ತರ ಬರಲಿಲ್ಲ.

ನಾನು ಹೋಗಿದ್ದು ಬೇರೆಯೇ ಲೆಕ್ಕ ಹಾಕಿಕೊಂಡು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಟಿಕ್ ಟಿಕ್ ಅನ್ನುತ್ತಿತ್ತು. ಹತ್ತು ನಿಮಿಷ ಓಡಿದ ಮೇಲೆ ಸದ್ದು ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಟಾರ್ಚ್ ಹಿಡಿದರೆ ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕೂದಲಿನಷ್ಟು ಸಣ್ಣ ಬಿರುಕು. ಅದರ ಸುತ್ತ ಕಾಡಿಗೆ ತೀಡಿದ ಹಾಗೆ ಮಸಿ. ಬೀಡು, ಅಂದರೆ ಎರಕದ ಕಬ್ಬಿಣ, ಕಾದಾಗ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಬಿಸಿಯಾದ ಮೇಲೆ ಸದ್ದಿಲ್ಲ. ವೆಲ್ಡ್ ಮಾಡಿಸಬಹುದು, ಆದರೆ ಇಷ್ಟು ಕಾದು ಆರುವ ಜಾಗದಲ್ಲಿ ಬೀಡಿನ ವೆಲ್ಡಿಂಗ್ ಬಹಳ ದಿನ ನಿಲ್ಲುವುದಿಲ್ಲ.

ಹೇಗೂ ಬದಲಿಸಬೇಕು, ಅದರ ಜಾಗಕ್ಕೆ ಬೇರೆ ಬೇರೆ ಪೈಪುಗಳ ಹೆಡರ್ ಹಾಕಿಸೋಣ ಅನ್ನಿಸಿತು. ಹೆಡರ್ ಅಂದಮೇಲೆ ಎಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್ ಕೂಡ ಯಾಕಾಗಬಾರದು? 2005ರ ಗಾಡಿ. 1298 ಸಿಸಿ, 16 ವಾಲ್ವ್, ಹೊಸದಿದ್ದಾಗ 85 ಹಾರ್ಸ್‌ಪವರ್. 2020ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಿದ್ದೇನೆ. ಈ ಗಾಡಿಯನ್ನು ಮಾರುವ ಮನಸ್ಸಿಲ್ಲ. ಅಪ್ಪ ಕೊನೆಯ ಸಲ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ. ಇದಕ್ಕೆ ಒಳ್ಳೆಯದನ್ನೇ ಹಾಕಿಸಬೇಕು ಅನ್ನುವುದು ನನ್ನ ಆಸೆ.

ಮೊದಲು ಬೇರೆ ಊರಿನ ಒಂದು ಅಂಗಡಿಗೆ ಫೋನ್ ಮಾಡಿದ್ದೆ. ಹುಡುಗ ಚುರುಕಾಗಿದ್ದ. ಎರಡೇ ನಿಮಿಷದಲ್ಲಿ 4-1 ಹೆಡರ್ (ನಾಲ್ಕು ಪೈಪು ಒಂದೇ ಕಡೆ ಕೂಡುವುದು), ಹೆಚ್ಚು ಡ್ಯುರೇಷನ್ನಿನ, ಅಂದರೆ ವಾಲ್ವ್ ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್, ಎಲ್ಲದರ ಬೆಲೆ ಹೇಳಿಬಿಟ್ಟ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿಬಿಡಿ ಸರ್, ಎಂಜಿನ್ ಉಸಿರಾಡುತ್ತೆ ಅಂದ. ಗಾಡಿ ಯಾವುದಕ್ಕೆ, ಯಾರು ಓಡಿಸುತ್ತಾರೆ, ಎಸಿ ಇದೆಯಾ, ಒಂದನ್ನೂ ಕೇಳಲಿಲ್ಲ. ಅವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಅವನಿಗೆ ಸಾಮಾನು ಗೊತ್ತಿತ್ತು, ನಾನು ಗೊತ್ತಿರಲಿಲ್ಲ.

ಕಾಕಾ ಎಲ್ಲ ಕೇಳಿಸಿಕೊಂಡರು. ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಆ ಮಾತು ಕೇಳಿದರು. ಮುಳ್ಳು ಎಲ್ಲಿರತೈತಿ?

"ನೋಡಿಲ್ಲ ಕಾಕಾ," ಅಂದೆ.

"ಒಂದ್ ವಾರ ನೋಡ್ಕೊಂಡ ಬಾ. ಆಮ್ಯಾಲ ಹೇಳ್ತೀನಿ." ಅಷ್ಟೇ.

ಸೋಮವಾರದಿಂದ ನೋಡಿದೆ. ಮೂರನೇ ಗೇಟಿನ ಟ್ರಾಫಿಕ್ಕಿನಲ್ಲಿ 1500. ಹೆದ್ದಾರಿಗೆ ಬಂದು ಸುವರ್ಣ ವಿಧಾನಸೌಧ ದಾಟುವಾಗ, 80ರ ವೇಗ, ಐದನೇ ಗೇರ್, ಮುಳ್ಳು 2500ರ ಆಸುಪಾಸು. ಹಿರೇಬಾಗೇವಾಡಿ ಟೋಲ್ ಬಿಟ್ಟಮೇಲೆ ಲಾರಿ ದಾಟಿಸಲು ನಾಲ್ಕನೇ ಗೇರಿಗೆ ಇಳಿಸಿದರೆ 3500. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಸೇತುವೆ ಮೇಲೆ ಮತ್ತೆ 2500. ಐದು ದಿನದಲ್ಲಿ 4000 ದಾಟಿದ್ದು ಒಂದೇ ಸಲ. 5000 ಒಮ್ಮೆಯೂ ಇಲ್ಲ.

ಪ್ರತಿ ಸಲ ಮುಳ್ಳು ನೋಡಿದಾಗ ಕಾಕಾನ ದನಿ ಕೇಳುತ್ತಿತ್ತು. ಹುಡುಗ ಹೇಳಿದ ಕ್ಯಾಮ್ ಕೆಲಸ ಶುರು ಮಾಡುವುದೇ ನನ್ನ ಮುಳ್ಳು ಹೋಗದ ಜಾಗದಲ್ಲಿ.

ಶುಕ್ರವಾರ ಸಂಜೆ ಲೆಕ್ಕ ಒಪ್ಪಿಸಿದೆ. ಕಾಕಾ ಕಪಾಟಿನಿಂದ ಒಂದು ಹಳೇ ಕ್ಯಾಮ್‌ಶಾಫ್ಟ್ ತಂದು ತೊಡೆ ಮೇಲೆ ಇಟ್ಟುಕೊಂಡರು. ಬೇರೆ ಯಾವುದೋ ಗಾಡಿಯದು. ಯಾರೋ ಸಾಣೆ ಹಿಡಿಸಿ ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ, ಜಾಸ್ತಿ ಮಾಡಿಸಿದ್ದರಂತೆ. "ಉಗುರ ಎಳದ್ ನೋಡು," ಅಂದರು. ಉಬ್ಬಿನ ತುದಿಯಲ್ಲಿ ಉಗುರು ಸಿಕ್ಕಿಕೊಂಡಿತು. ಕಣ್ಣಿಗೆ ನುಣ್ಣಗೆ ಕಾಣುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಗುಳಿಗಳು. ಬೀಡಿನ ಕ್ಯಾಮ್‌ನಲ್ಲಿ ಮೇಲಿನ ಪದರ ಮಾತ್ರ ಗಟ್ಟಿ. ಅದು ಸವೆಯುವಷ್ಟು ಸಾಣೆ ಹಿಡಿದರೆ ಒಳಗಿನ ಮೆತ್ತನೆಯದು ಕ್ಯಾಮ್ ಮೇಲೆ ಆಡುವ ರಾಕರ್ ಉಜ್ಜಿ ಉಜ್ಜಿ ಎದ್ದುಹೋಗುತ್ತದೆ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಅರ್ಧ ಆಯುಷ್ಯ ಬೀಡಿನ ಜೊತೆ ಕಳೆದ ಮನುಷ್ಯ. ಅವರು ಹೇಳಿದರೆ ನಾನು ಎದುರು ಆಡುವುದಿಲ್ಲ.

ಹೊಸ ಕ್ಯಾಮೇ ತಂದರೂ ನನ್ನ ಗಾಡಿಗೆ ಅದು ಸಲ್ಲುವುದಿಲ್ಲ ಅಂದರು. ಡ್ಯುರೇಷನ್ ಜಾಸ್ತಿ ಆದರೆ ಒಳಗೆ ಗಾಳಿ ಬಿಡುವ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಅದು ಲಾಭ. ಮೆಲ್ಲಗೆ ತಿರುಗುವಾಗ ಪಿಸ್ಟನ್ ಮೇಲೆ ಬರುತ್ತಾ ಎಳೆದ ಗಾಳಿಯನ್ನೇ ವಾಪಸ್ ನೂಕುತ್ತದೆ. 2000 ಆರ್‌ಪಿಎಂನಲ್ಲಿ ಎಳೆತ ಸತ್ತುಹೋಗುತ್ತದೆ. ಗಾಳಿಯ ವಾಲ್ವ್, ಹೊಗೆಯ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಾದರೆ ಐಡ್ಲಿಂಗ್ ಕುಂಟುತ್ತದೆ, ವ್ಯಾಕ್ಯೂಮ್ ಇಳಿಯುತ್ತದೆ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ನಡೆಯುವುದೇ ಆ ವ್ಯಾಕ್ಯೂಮಿನಿಂದ. ಅದರ ಮೇಲೆ ಗಟ್ಟಿ ವಾಲ್ವ್ ಸ್ಪ್ರಿಂಗ್, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಟ್ಯೂನಿಂಗ್ ಬೇರೆ. "ನಿಮ್ಮವ್ವ ಎಸಿ ಹಾಕ್ಕೊಂಡ ಸಿಗ್ನಲ್ದಾಗ ಕುಂತಾಗ ಗಾಡಿ ಗಡಗಡ ನಡಗಿದ್ರ ಹೆಂಗ?" ಅಂದರು. ಅಮ್ಮನ ಸೊಂಟದ ನೋವು ಅವರಿಗೆ ನೆನಪಿತ್ತು.

ಹೆಡರ್ ವಿಷಯಕ್ಕೆ ಬಂದಾಗ ಕಾಕಾನ ಮುಖ ಅರಳಿತು. ನಾಲ್ಕು ಬೆರಳು ಬಾನೆಟ್ ಮೇಲಿಟ್ಟು ತಟ್ಟಿದರು. "ಒಂದು, ಮೂರು, ನಾಕು, ಎರಡು." ಇದು ಫೈರಿಂಗ್ ಆರ್ಡರ್, ಸಿಲಿಂಡರ್‌ಗಳು ಉರಿಯುವ ಸರದಿ. ಒಂದು ಮತ್ತು ನಾಲ್ಕು ಸೇರಿಸಿ ಒಂದು ಜೋಡಿ, ಎರಡು ಮತ್ತು ಮೂರು ಇನ್ನೊಂದು ಜೋಡಿ. ಆಗ ಪ್ರತಿ ಜೋಡಿಯಲ್ಲಿ ಹೊಗೆಯ ಬಡಿತ ಸಮ ಅಂತರದಲ್ಲಿ ಬರುತ್ತದೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಎರಡು ಜೋಡಿ ಮುಂದೆ ಹೋಗಿ ಒಂದಾಗುತ್ತವೆ. ಇದೇ 4-2-1. ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಎಳೆತ ಇದರಲ್ಲಿ ಚೆನ್ನ. 4-1ರ ಲಾಭ ಹೆಚ್ಚಾಗಿ ಮೇಲಿನ ತುದಿಯಲ್ಲಿ. ಪೈಪು ದಪ್ಪ ಇದ್ದಷ್ಟು ಒಳ್ಳೆಯದು ಅಂತ ನಾನು ತಿಳಿದಿದ್ದೆ. ಅದು ತಪ್ಪು. ತೀರಾ ದಪ್ಪ ಆದರೆ ಹೊಗೆಯ ವೇಗ ಸತ್ತು ಹೋಗುತ್ತದೆ.

ಕನ್ವರ್ಟರ್ ಮುಟ್ಟುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದರು. ಆಕ್ಸಿಜನ್ ಸೆನ್ಸರ್ ಕೂಡ ಮೊದಲಿದ್ದ ಜಾಗದ ಹತ್ತಿರವೇ, ಇಲ್ಲದಿದ್ದರೆ ಅದು ಬೇಗ ಕಾಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಇದೆ, ನೋಂದಣಿಯಲ್ಲಿರುವ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸೈಲೆನ್ಸರ್ ಹಳೆಯದೇ ಇರಲಿ ಅಂದೆ. ನಮ್ಮ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೆ ಪೈಪಿನ ಸದ್ದು ಮಾಡುತ್ತಾ ಹೋಗುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬಿಸಿ ತಡೆಯಲು ಪೈಪಿಗೆ ಹೀಟ್ ರ‍್ಯಾಪ್ ಸುತ್ತೋಣವಾ ಅಂತ ಕೇಳಿದೆ. ಬೆಳಗಾವಿ ಮಳೆಗೆ ಅದು ನೀರು ಹಿಡಿದಿಟ್ಟುಕೊಂಡು ಪೈಪಿಗೆ ತುಕ್ಕು ತರುತ್ತದಂತೆ. ತಗಡಿನ ಶೀಲ್ಡ್ ಸಾಕು.

ಇಷ್ಟಕ್ಕೂ ಹೆಡರ್‌ನಿಂದ ಸಿಗುವುದು ಬೆರಳೆಣಿಕೆಯ ಹಾರ್ಸ್‌ಪವರ್. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಗಾಳಿ ಸ್ವಲ್ಪ ತೆಳು, ಎಂಜಿನ್ನಿನ ಬಲವೂ ಅಷ್ಟು ಕಡಿಮೆ. ಚೋರ್ಲಾ ಘಾಟ್ ಇಳಿದು ಗೋವಾ ಸೇರಿದರೆ ಇದೇ ಗಾಡಿ ಹಗುರಾಗಿ ಓಡುವುದು ಅದಕ್ಕೇ.

ಗಾಡಿಯ ಮಾತು ಇಷ್ಟೇ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಹಾಪುರದಲ್ಲಿ ಅಪ್ಪನಿಗೆ ಒಬ್ಬ ಟೇಲರ್ ಇದ್ದ. ಪ್ಯಾಂಟಿನ ಅಳತೆ ತೆಗೆಯುವ ಮೊದಲು ಕೇಳುತ್ತಿದ್ದ, "ಕುಂಡ್ರೂದ್ ಜಾಸ್ತಿನೋ, ನಿಂದ್ರೂದ್ ಜಾಸ್ತಿನೋ?" ಅಂಥವರು ಈಗ ಎಷ್ಟು ಜನ ಇದ್ದಾರೆ? ನಾನೇ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತೇನೆ. ಪಹಣಿ ಇದೆಯಾ, ಜಾಮೀನು ಇದೆಯಾ, ಸಹಿ ಮಾಡಿ. ಗುರುವಾರ ಒಬ್ಬ ರೈತರು ದೊಡ್ಡ ಟ್ರ್ಯಾಕ್ಟರ್ ಸಾಲಕ್ಕೆ ಬಂದಿದ್ದರು. ಕಾಗದ ಎಲ್ಲ ಸರಿ ಇತ್ತು. ಪೆನ್ನು ಎತ್ತಿದವನು ಕೇಳಿದೆ, "ಯಜಮಾನ್ರ, ವರ್ಷದಾಗ ಎಷ್ಟ್ ದಿನ ಓಡತೈತ್ರಿ ಇದು?"

ಅವರು ನನ್ನ ಹಾಗೇ ಸುಮ್ಮನಾದರು. ಆಮೇಲೆ ಬೆರಳು ಮಡಚುತ್ತಾ ಎಣಿಸಿದರು. ಎರಡು ಕೈಯ ಬೆರಳು ಮುಗಿದ ಮೇಲೆ ಮತ್ತೆ ಮೊದಲಿಂದ ಎಣಿಸಿದರು. "ಮಗನ ಜೋಡಿ ಮಾತಾಡಿ ಬರ್ತೀನ್ರಿ," ಅಂತ ಅರ್ಜಿ ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು. ಅವರು ತಗೊಳ್ಳಲಿ, ಬಿಡಲಿ. ಇಷ್ಟು ವರ್ಷ ಎಷ್ಟು ಜನರಿಗೆ ಇದನ್ನು ಕೇಳದೆ ಸಹಿ ಹಾಕಿಸಿದೆನಲ್ಲ ಅಂತ ಅವತ್ತು ಮನಸ್ಸಿಗೆ ಬಹಳ ನೋವಾಯಿತು.

ನಿನ್ನೆ 4-2-1 ಕೂತಿತು. ಕ್ಯಾಮ್ ಹಳೆಯದೇ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಇರಲಿಲ್ಲ. ಅಮ್ಮ ಒಳಗಿನಿಂದಲೇ, "ಸರಿ ಆತೇನೋ?" ಅಂದಳು. 500 ಕಿಲೋಮೀಟರ್ ಆದಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಬೇಕು, ಕಾದು ಆರಿ ಸಡಿಲ ಆಗಿರುತ್ತವೆ, ಬಾ ಅಂದಿದ್ದಾರೆ ಕಾಕಾ. ಮುಂದಿನ ವಾರ ಹೋಗುತ್ತೇನೆ.