ಮುಖ ಕೆಳಗೆ ಮಾಡಿ ಕೇಳಿದ ಕಾದಂಬರಿಗಳು

ಕಳೆದ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯೆದುರಿನ ವಿದ್ಯುತ್ ಕಂಬದ ನಡು ಯಾರೋ ಚಿವುಟಿದಂತೆ ಒಳಕ್ಕೆ ಸರಿದು ಕಂಡಿತು. ಬಲಗಣ್ಣು ಮುಚ್ಚಿದರೆ ಕಂಬ ನೆಟ್ಟಗಿತ್ತು, ಎಡಗಣ್ಣು ಮುಚ್ಚಿದರೆ ಡೊಂಕಾಗಿತ್ತು. ಪತ್ರಿಕೆ ಹಿಡಿದಾಗ ಇನ್ನೂ ವಿಚಿತ್ರವಾಯಿತು. ನಾನು ಯಾವ ಅಕ್ಷರದ ಮೇಲೆ ದೃಷ್ಟಿಯಿಡುತ್ತೇನೋ ಸರಿಯಾಗಿ ಅದೇ ಅಕ್ಷರ ಮಾಯವಾಗಿ, ಅದರ ನೆರೆಹೊರೆಯವು ಮಾತ್ರ ಉಳಿದುಕೊಳ್ಳುತ್ತಿದ್ದವು. ಒತ್ತಕ್ಷರಗಳಂತೂ ಬುಡ ಕಳಚಿ ಬಿದ್ದ ಮಣ್ಣಿನ ಮಡಕೆಗಳಂತೆ ಕಾಣುತ್ತಿದ್ದವು. ಅಕ್ಷಿಪಟಲದ ನಟ್ಟನಡುವೆ, ಓದಿಗೆ ಬೇಕಾದ ಸೂಕ್ಷ್ಮ ದೃಷ್ಟಿ ಇರುವ ಮ್ಯಾಕುಲದಲ್ಲಿ ಒಂದು ರಂಧ್ರವಾಗಿದೆ ಎಂದು ವೈದ್ಯರು ಹೇಳಿದರು. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ ಪಟಲದಿಂದ ಬಿಡಿಸಿಕೊಳ್ಳುವಾಗ ಕೆಲವರಲ್ಲಿ ಹೀಗೆ ಎಳೆದು ತೂತು ಮಾಡುತ್ತದಂತೆ. ನನಗಾಗ ಅರವತ್ತೊಂದು.

ಶಸ್ತ್ರಚಿಕಿತ್ಸೆಯ ವಿವರ ಕೇಳಿದಾಗ ನನಗೆ ಅದರಷ್ಟು ಸರಳವಾದದ್ದೂ, ಅದರಷ್ಟು ಕಠಿಣವಾದದ್ದೂ ಬೇರೆ ಇಲ್ಲ ಅನ್ನಿಸಿತು. ಲೋಳೆಯನ್ನು ತೆಗೆದು ಆ ಜಾಗಕ್ಕೆ ಅನಿಲ ತುಂಬುತ್ತಾರೆ. ಅನಿಲದ ಗುಳ್ಳೆಯ ಸ್ವಭಾವವೇ ಮೇಲಕ್ಕೇರುವುದು. ಮ್ಯಾಕುಲ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಆದ್ದರಿಂದ ರೋಗಿಯು ಮುಖವನ್ನು ನೆಲಕ್ಕೆ ಮಾಡಿಕೊಂಡಿದ್ದರೆ ಗುಳ್ಳೆ ಹಿಂದಕ್ಕೆ ಏರಿ ರಂಧ್ರವನ್ನು ಒತ್ತಿ ಹಿಡಿದು ಮುಚ್ಚಿಸುತ್ತದೆ. ಏಳು ದಿನ, ಗಂಟೆಗೆ ಐವತ್ತು ನಿಮಿಷದಂತೆ ಮುಖ ಕೆಳಗೆ, ಹತ್ತು ನಿಮಿಷ ಬಿಡುವು ಎಂದು ಲೆಕ್ಕ ಕೊಟ್ಟರು. ಅನಿಲ ಪೂರ್ತಿ ಕರಗಲು ಸುಮಾರು ಎರಡು ತಿಂಗಳು ಬೇಕು, ಅಲ್ಲಿಯವರೆಗೆ ವಿಮಾನ ಹತ್ತಬಾರದು, ಘಾಟಿಯನ್ನೂ ಹತ್ತಬಾರದು ಎಂದರು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣೊಳಗಿನ ಒತ್ತಡ ಏರುತ್ತದೆ. ವಿಮಾನದ ಮಾತು ನನಗೆ ಸಂಬಂಧಪಡದು. ಆದರೆ ಬ್ರಹ್ಮಾವರದಲ್ಲಿರುವ ನನಗೆ ಯಜಮಾನರ ಮನೆ ತೀರ್ಥಹಳ್ಳಿಯ ಕಡೆ, ಹೆಬ್ರಿ ದಾಟಿ ಆಗುಂಬೆಯ ಹದಿನಾಲ್ಕು ತಿರುವು ಹತ್ತಿದರೆ ಸಿಗುವ ಊರು. ಆ ಮಳೆಗಾಲ ಅತ್ತ ಹೋಗುವ ಆಸೆ ಬಿಟ್ಟೆ.

ಏಳು ದಿನ ನೆಲ ನೋಡಿಕೊಂಡು ಏನು ಮಾಡುವುದು? ಓದದೆ ಒಂದು ದಿನವೂ ಮಲಗಿದವಳಲ್ಲ ನಾನು. ಬ್ಯಾಂಕಿನಲ್ಲಿದ್ದಾಗ ಟಪ್ಪಾಲು ಬರುವ ಮೊದಲಿನ ಕಾಲುಗಂಟೆಯಲ್ಲೂ ಮೇಜಿನ ಡ್ರಾವರಿನಲ್ಲಿ ಪುಸ್ತಕ ತೆರೆದಿಟ್ಟು ಎರಡು ಪುಟ ಮುಗಿಸುತ್ತಿದ್ದೆ. ಮಗ ಫೋನಿನಲ್ಲಿ ಧ್ವನಿಪುಸ್ತಕದ ಆಪ್ ಒಂದನ್ನು ಹಾಕಿಕೊಟ್ಟ. ಹಾಸಿಗೆಯ ಅಂಚಿನಲ್ಲಿ ಎದೆಯ ಕೆಳಗೆ ಎರಡು ದಿಂಬು, ಹಣೆಗೆ ಹಳೆಯ ಪಂಚೆಯನ್ನು ಸುರುಳಿ ಸುತ್ತಿ ಮಾಡಿದ ಸಿಂಬೆ, ಕಿವಿಗೆ ಇಯರ್‌ಫೋನು. ಕೊಡ ಹೊರುವವರ ತಲೆಯ ಮೇಲಿರಬೇಕಾದ ಸಿಂಬೆ ನನ್ನ ಹಣೆಯ ಕೆಳಗಿತ್ತು. ಅದರ ನಡುವಿನ ಬೆಳಕಿಂಡಿಯಲ್ಲಿ ಒಂದು ಅಡಿ ಕೆಂಪು ನೆಲ, ಅದರಲ್ಲೊಂದು ಬಿರುಕು. ಪಟ್ಟಿ ಕಟ್ಟದ ಎಡಗಣ್ಣಿಗೆ ಇಡೀ ವಾರ ಸಿಕ್ಕ ಜಗತ್ತು ಅಷ್ಟೇ.

ಆಪ್‌ನಲ್ಲಿ ಮೊದಲು ಕೇಳಿದ ಕಾದಂಬರಿಯ ಹೆಸರು ಹೇಳುವುದಿಲ್ಲ. ತಪ್ಪು ಕಾದಂಬರಿಯದಲ್ಲ. ಓದಿದವರ ಕಂಠ ಚೆನ್ನಾಗಿತ್ತು, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಕಥೆಯಲ್ಲಿ ಯಾರಾದರೂ ದುಃಖಪಟ್ಟ ಕೂಡಲೇ ಹಿಂದಿನಿಂದ ಕೊಳಲು ಶುರುವಾಗುತ್ತಿತ್ತು. ಹೆಂಗಸರ ಮಾತು ಬಂದರೆ ಅವರು ಧ್ವನಿಯನ್ನು ಸಣ್ಣಗೆ ಮಾಡುತ್ತಿದ್ದರು, ಅಳುವ ಮಾತಿದ್ದರೆ ತಾವೇ ಅಳುತ್ತಿದ್ದರು. ಅಳುವ ಕೆಲಸವನ್ನು ಓದುವವರೇ ಮಾಡಿ ಮುಗಿಸಿದ ಮೇಲೆ ಕೇಳುವವರಿಗೆ ಉಳಿಯುವುದೇನು? ಕೇಳುವುದು ನನಗೆ ಹೊಸತಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ತಾಳಮದ್ದಳೆಯ ಊರಿನಲ್ಲಿ ಹುಟ್ಟಿದವಳು ನಾನು. ವೇಷವಿಲ್ಲದೆ, ಕುಣಿತವಿಲ್ಲದೆ, ಪಂಚೆ ಶಾಲು ಹೊದ್ದು ಚಾಪೆಯ ಮೇಲೆ ಕುಳಿತ ಅರ್ಥಧಾರಿ ಬರಿಯ ಮಾತಿನಲ್ಲಿ ಕರ್ಣನನ್ನು ತಂದು ನಿಲ್ಲಿಸುವುದನ್ನು ಅಪ್ಪನ ಮಡಿಲಲ್ಲಿ ತೂಕಡಿಸುತ್ತಾ ಕೇಳಿದ್ದೇನೆ. ಅಲ್ಲಿ ಕರ್ಣ ಅತ್ತದ್ದು ನನಗೆ ನೆನಪಿಲ್ಲ. ಸಭೆಯಲ್ಲಿ ಕುಳಿತವರು ಕಣ್ಣೊರೆಸಿಕೊಂಡದ್ದು ನೆನಪಿದೆ.

ಎರಡನೆಯ ದಿನ ಸಂಜೆ ಕೋಟದಲ್ಲಿರುವ ತಂಗಿ ಫೋನು ಮಾಡಿದಾಗ ಈ ಗೋಳನ್ನು ಹೇಳಿಕೊಂಡೆ. ಅವಳು ಓದುವವಳಲ್ಲ, ಮನೆ, ಹಟ್ಟಿ, ಹೂವಿನ ಗಿಡ ಎಂದಿರುವವಳು. "ಅದಕ್ಕೆಂತ, ನಾನೇ ಓದಿ ಕಳ್ಸ್ತೆ, ಯಾವ್ ಪುಸ್ತಕ ಹೇಳ್" ಎಂದಳು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಎಂದೆ. 1941ರಲ್ಲಿ ಬಂದ ಆ ಕಾದಂಬರಿ ನಡೆಯುವುದು ಅವಳ ಮನೆಯ ಪಕ್ಕದ ಕೋಡಿಯಲ್ಲಿ, ಬರೆದವರು ಹುಟ್ಟಿದ್ದು ಅದೇ ಕೋಟದಲ್ಲಿ. ನಾನದನ್ನು ಮೂರು ಸಲ ಓದಿದ್ದೆ, ಬೇರೆಯವರಿಗೆ ಓದಲು ಕೊಟ್ಟು ಎರಡು ಪ್ರತಿ ಕಳೆದುಕೊಂಡಿದ್ದೆ. ಮಾರನೆಯ ದಿನ ಬೆಳಿಗ್ಗೆಯಿಂದ ವಾಟ್ಸಾಪಿನಲ್ಲಿ ಧ್ವನಿಮುದ್ರಿಕೆಗಳು ಬರತೊಡಗಿದವು.

ಅವಳ ಓದಿಗೆ ಕಲೆಯೆಂಬುದಿರಲಿಲ್ಲ. ಪೂರ್ಣವಿರಾಮಕ್ಕೆ ನಿಲ್ಲುತ್ತಿದ್ದಳು, ಅಲ್ಪವಿರಾಮಕ್ಕೆ ನಿಲ್ಲುತ್ತಿರಲಿಲ್ಲ. ಸಂಭಾಷಣೆ ಬಂದಾಗ ಮಾತ್ರ ತನಗರಿವಿಲ್ಲದೆಯೇ ನಮ್ಮ ಕುಂದಗನ್ನಡದ ಧಾಟಿಗೆ ಜಾರುತ್ತಿದ್ದಳು. ಹಿಂದೆ ಕಾಗೆ, ಅಂಗಳದಲ್ಲಿ ಹಿಡಿಸೂಡಿಯ ಸದ್ದು, ಹೆದ್ದಾರಿಯ ಲಾರಿ. ಮೊದಲ ಮುದ್ರಿಕೆ ಮುಗಿಯುವಷ್ಟರಲ್ಲಿ ಕೊಳಲಿನವರನ್ನು ಮರೆತಿದ್ದೆ.

ನಾಲ್ಕನೆಯ ದಿನದ ಹೊತ್ತಿಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು, ಅದು ಬಂದ ಕ್ಷಣ ನಾಚಿಕೆಯಾಯಿತು. ಅವಳು ಓದುತ್ತಿದ್ದ ಭಾಗಗಳಲ್ಲಿ ಬಹಳಷ್ಟು ನನಗೆ ಹೊಸತಾಗಿದ್ದವು. ಪಾರೋತಿ ಮತ್ತು ಸರಸೋತಿ, ಎಂದರೆ ರಾಮ ಐತಾಳರ ಹೆಂಡತಿ ಮತ್ತು ವಿಧವೆಯಾಗಿ ತವರಲ್ಲೇ ಉಳಿದ ತಂಗಿ, ಮಳೆಯಲ್ಲಿ ನೆನೆದು ಗದ್ದೆಯ ಕೆಲಸ ಮಾಡುವುದು, ನೀರಿನಲ್ಲಿ ತೇಲಿಬಂದ ಕಟ್ಟಿಗೆಗೆ ಪರದಾಡುವುದು, ಬಂದವರಿಗೆ ಬೇಯಿಸಿ ಬಡಿಸಿ ಉಳಿದದ್ದನ್ನು ಉಣ್ಣುವುದು, ಮತ್ತೆ ಗದ್ದೆ, ಮತ್ತೆ ಒಲೆ. ಮೂರು ಸಲ ಓದಿದ ಪುಸ್ತಕ ಹೊಸತಾಗುವುದು ಹೇಗೆ? ಉತ್ತರ ಸರಳವಿತ್ತು. ಕಣ್ಣು ಈ ಪುಟಗಳನ್ನು ಹಾರುತ್ತಿತ್ತು. ಪುಟದ ಮೇಲಂಚಿನಲ್ಲಿ ಗದ್ದೆ ಕಂಡರೆ ಅದು ಕೆಳಗೆ ಸಂಭಾಷಣೆ ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಇಳಿಯುತ್ತಿತ್ತು. ಸಿಂಬೆಯ ಮೇಲೆ ಹಣೆಯಿಟ್ಟು ಬಿದ್ದವಳ ಕಿವಿಗೆ ಆ ಸೌಲಭ್ಯವಿಲ್ಲ. ತಂಗಿಯ ಧ್ವನಿ ಎಷ್ಟು ಹೊತ್ತು ಗದ್ದೆಯಲ್ಲಿ ಇರುತ್ತದೋ ಅಷ್ಟು ಹೊತ್ತು ನಾನೂ ಕೆಸರಿನಲ್ಲಿ ನಿಂತಿರಲೇಬೇಕು.

'ಮರಳಿ ಮಣ್ಣಿಗೆ' ಎಂದರೆ ಏನು ಎಂದು ಯಾರಾದರೂ ಕೇಳಿದರೆ ಅದು ಐತಾಳರ ಮೊಮ್ಮಗ ರಾಮನ ಕಥೆ, ಓದಿ ಪಟ್ಟಣ ಸೇರಿ ಕೊನೆಗೆ ಊರ ಮಣ್ಣಿಗೆ ಹಿಂದಿರುಗುವವನ ಕಥೆ ಎಂದು ಮೂವತ್ತು ವರ್ಷ ಹೇಳುತ್ತಾ ಬಂದವಳು ನಾನು. ಹೆಸರೂ ಹಾಗೇ ಹೇಳಿಸುತ್ತದೆ. ಕೇಳುವಾಗ ಗೊತ್ತಾಯಿತು, ರಾಮ ದೊಡ್ಡವನಾಗುವ ಹೊತ್ತಿಗೆ ಕಥೆಯ ಅರ್ಧ ದಾರಿ ಸವೆದಿರುತ್ತದೆ. ಅಷ್ಟೂ ದಾರಿಯನ್ನು ನಡೆದವರು ಪಾರೋತಿ, ಸರಸೋತಿ, ಆಮೇಲೆ ಐತಾಳರ ಸೊಸೆ ನಾಗವೇಣಿ. ಅವರಾರೂ ಮಣ್ಣಿಗೆ ಮರಳಲಿಲ್ಲ, ಏಕೆಂದರೆ ಅದನ್ನು ಬಿಟ್ಟು ಹೋಗಿಯೇ ಇರಲಿಲ್ಲ. ಬಿಟ್ಟುಹೋದವರು ಹಿಂದಿರುಗಲು ಒಂದು ಮನೆ ನಿಂತಿತ್ತಾದರೆ ಅದು ಈ ಹೆಂಗಸರು ಹೊತ್ತ ಕಟ್ಟಿಗೆಯಿಂದ. ಕಾರಂತರು ಇದನ್ನು ಎಲ್ಲೂ ಭಾಷಣ ಮಾಡಿ ಹೇಳುವುದಿಲ್ಲ. ಕೆಲಸವನ್ನು ಎಷ್ಟು ಸಲ ಮಾಡುತ್ತಾರೋ ಅಷ್ಟು ಸಲ ಬರೆಯುತ್ತಾರೆ, ಅಷ್ಟೇ. ನಾನದನ್ನು ಪುನರಾವರ್ತನೆ ಎಂದು ಹಾರಿಸಿದ್ದೆ. ನಮ್ಮ ಅಜ್ಜಿಯ ಬಲಗೈ ಹೆಬ್ಬೆರಳು ಮಡಚಲು ಬಾರದಷ್ಟು ಒರಟಾಗಿತ್ತು. ಅದು ಯಾವ ಕೆಲಸದಿಂದ ಹಾಗಾಯಿತು ಎಂದು ಅವಳಿರುವಾಗ ನಾನೊಮ್ಮೆಯೂ ಕೇಳಿರಲಿಲ್ಲ.

ಪಾರೋತಿ ತೀರಿಕೊಳ್ಳುವ ಭಾಗ ಐದನೆಯ ದಿನ ಬಂತು. ಓದುತ್ತಾ ಓದುತ್ತಾ ತಂಗಿ ನಿಂತಳು. ಮುದ್ರಿಕೆ ನಿಲ್ಲಿಸಲು ಅವಳಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ಬಹಳ ಹೊತ್ತು ಏನೂ ಇಲ್ಲ, ಹೆಂಚಿನ ಮೇಲಿನ ಮಳೆ ಮಾತ್ರ. ಆಮೇಲೆ ಅಡುಗೆಮನೆಯಿಂದ ಕುಕ್ಕರಿನ ಸೀಟಿ. "ನಿಲ್ಲ್ ಅಕ್ಕ, ಅನ್ನ ಇಳ್ಸಿ ಬತ್ತೆ" ಎಂದು ಎದ್ದುಹೋದ ಸದ್ದು, ಪಾತ್ರೆಯ ಸದ್ದು, ಮರಳಿ ಬಂದು ಗಂಟಲು ಸರಿಪಡಿಸಿಕೊಂಡು ಅದೇ ಸಾಲಿನಿಂದ ಓದು. ಮನೆಯ ಒಬ್ಬಳು ಸತ್ತ ಹೊತ್ತಿನಲ್ಲೂ ಒಲೆಯ ಮೇಲಿನದನ್ನು ಇಳಿಸಬೇಕು ಎಂಬುದು ಆ ಕಾದಂಬರಿಯೊಳಗೇ ಇದ್ದ ಮಾತಿನಂತೆ ಕೇಳಿಸಿತು. ಸಿಂಬೆ ಒದ್ದೆಯಾಯಿತು. ಕಣ್ಣಿಗೆ ಅಳು ಒಳ್ಳೆಯದೋ ಕೆಟ್ಟದ್ದೋ ಎಂದು ವೈದ್ಯರನ್ನು ಕೇಳಿರಲಿಲ್ಲ.

ಏಳು ದಿನ ಮುಗಿದು ತಲೆಯೆತ್ತಿದಾಗ ಬಲಗಣ್ಣಿನ ತುಂಬ ನೀರೊಳಗಿನ ಮಬ್ಬು. ಎರಡು ವಾರ ಕಳೆದ ಮೇಲೆ ಆ ಮಬ್ಬಿನ ಮೇಲ್ಭಾಗದಲ್ಲಿ ಒಂದು ತೆಳು ಬೆಳಕಿನ ಪಟ್ಟಿ ಕಾಣಿಸಿತು. ಗಾರೆಯವರ ರಸಮಟ್ಟದಲ್ಲಿ ಗುಳ್ಳೆ ಅಲ್ಲಾಡುವ ಹಾಗೆ, ನಾನು ತಲೆ ವಾಲಿಸಿದರೆ ಆ ಗೆರೆಯೂ ತೂಗುತ್ತಿತ್ತು. ಅನಿಲ ಕಣ್ಣಿನೊಳಗೆ ಮೇಲಿದ್ದರೂ ನಮಗೆ ಕೆಳಗೆ ಕಾಣುತ್ತದೆ, ಪಟಲದ ಮೇಲೆ ಬೀಳುವ ಬಿಂಬವೇ ತಲೆಕೆಳಗಾದದ್ದರಿಂದ. ದಿನದಿನಕ್ಕೆ ಗೆರೆ ಇಳಿಯುತ್ತಾ ಹೋಯಿತು. ಓದಲು ಒಂಟಿ ಕಣ್ಣು ಬೇಗ ದಣಿಯುತ್ತಿತ್ತು. ತಂಗಿಗೆ ಓದಿನ ರುಚಿ ಹತ್ತಿಬಿಟ್ಟಿತ್ತು. "ಇನ್ನೆಂತ ಓದುದ್?" ಎಂದು ಕೇಳಿದಳು. ಘಾಟಿ ಹತ್ತಲಾಗದವಳು ಕಿವಿಯಲ್ಲೇ ಹತ್ತುವೆನೆಂದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹೇಳಿದೆ. ಪುಸ್ತಕದ ದಪ್ಪ ನೋಡಿ ಅವಳು ಒಂದು ದಿನ ಮಾತಾಡಲಿಲ್ಲ.

ಈ ಸಲ ಕೇಳುವವಳು ನಾನೊಬ್ಬಳೇ ಆಗಿರಲಿಲ್ಲ. ಸಂಜೆ ಇಯರ್‌ಫೋನು ತೆಗೆದು ಜಗಲಿಯಲ್ಲಿ ಜೋರಾಗಿ ಹಾಕುತ್ತಿದ್ದೆ. ಕಾದಂಬರಿಗೂ ತಮಗೂ ಸಂಬಂಧವಿಲ್ಲ ಎನ್ನುವ ಯಜಮಾನರು ಪತ್ರಿಕೆಯ ಮರೆಯಲ್ಲಿ ಕುಳಿತಿರುತ್ತಿದ್ದರು. ಕಾದಂಬರಿಯಲ್ಲಿ ಬರುವ ನಾಯಿಗುತ್ತಿಯ ಮಾತನ್ನು ಕರಾವಳಿಯ ಧಾಟಿಯಲ್ಲಿ ತಂಗಿ ಓದಿದಾಗ ಪತ್ರಿಕೆಯ ಹಿಂದಿನಿಂದ "ಹಂಗಲ್ಲ ಅದು" ಎಂದು ತಮ್ಮ ಕಡೆಯ ರಾಗದಲ್ಲಿ ತಿದ್ದಿ ಹೇಳುತ್ತಿದ್ದರು. ನಾಲ್ಕಾರು ದಿನ ಕಳೆದ ಮೇಲೆ ಪತ್ರಿಕೆ ಕೆಳಗಿಳಿಯಿತು. ಐತ ಪೀಂಚಲು ಬಂದರೆ ನಗು, ಚಿನ್ನಮ್ಮನ ಮದುವೆಯ ಮಾತು ಬಂದರೆ ಆತಂಕ. ಅವಸರವೂ ಸಾವಧಾನದ ಬೆನ್ನೇರಿದೆ ಎಂದು ಕುವೆಂಪು 1967ರಲ್ಲಿ ಪುಸ್ತಕದ ಬಾಗಿಲಲ್ಲೇ ಬರೆದಿಟ್ಟದ್ದನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಪುಸ್ತಕವನ್ನು ಮಾತ್ರ ಅವಸರದಲ್ಲಿ ಓದಿದ್ದೆ. ದಿನಕ್ಕೆ ನಲವತ್ತು ನಿಮಿಷದಂತೆ, ಮಳೆ ಹೊಯ್ಯುವ ಸಂಜೆಗಳಲ್ಲಿ, ಒಂದು ಕಾಡುದಾರಿ ಸವೆಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಕೇಳುವಾಗ ಆ ಮಾತು ಸಲಹೆಯಂತೆ ಕಾಣಲಿಲ್ಲ. ಬೇರೆ ದಾರಿಯೇ ಇರಲಿಲ್ಲ.

ಅಗಸ್ಟ್ ತಿಂಗಳಲ್ಲಿ ಗುಳ್ಳೆ ಕುಗ್ಗಿ ದೃಷ್ಟಿಯ ಕೆಳಭಾಗದಲ್ಲಿ ಕಪ್ಪಂಚಿನ ಒಂದು ಮಣಿಯಾಯಿತು. ಒಂದು ಬೆಳಿಗ್ಗೆ ಹಲ್ಲುಜ್ಜಿ ತಲೆಯೆತ್ತಿದಾಗ ಆ ಮಣಿಯೂ ಇರಲಿಲ್ಲ. ರಂಧ್ರ ಮುಚ್ಚಿದೆ, ಇನ್ನು ಓದಬಹುದು, ಘಾಟಿಯನ್ನೂ ಹತ್ತಬಹುದು ಎಂದರು ವೈದ್ಯರು. ತಂಗಿಗೆ ನಾನಿದನ್ನು ಹೇಳಲಿಲ್ಲ. ಕಾದಂಬರಿಯ ನೂರು ಚಿಲ್ಲರೆ ಪುಟ ಇನ್ನೂ ಬಾಕಿಯಿತ್ತು, ಹೇಳಿದರೆ ಓದು ನಿಲ್ಲಿಸುತ್ತಾಳೆಂಬ ಭಯ. ಕಣ್ಣು ಹೇಗಿದೆ ಎಂದು ಅವಳು ಕೇಳಿದಾಗಲೆಲ್ಲ "ಅಡ್ಡಿಲ್ಲೆ, ಸ್ವಲ್ಪ ಮಬ್ಬ್ ಇತ್ತ್" ಎಂದು ತೇಲಿಸುತ್ತಿದ್ದೆ. ಯಜಮಾನರೂ ಈ ಕಪಟದಲ್ಲಿ ಪಾಲುದಾರರಾಗಿದ್ದರು, ಅವರಿಗೂ ಮುಂದಿನದು ಬೇಕಿತ್ತು.

ಹದಿನೈದು ದಿನದ ಮೇಲೆ ಬಂದ ಮುದ್ರಿಕೆ ಕೇವಲ ಒಂಬತ್ತು ಸೆಕೆಂಡಿನದು. "ಇದನ್ ನೀನೇ ಓದ್ಕೊ ಅಕ್ಕ. ನಾಯಿದ್ ನನ್ನ್ ಹತ್ರ ಆತಿಲ್ಲೆ. ನಿನ್ನ್ ಕಣ್ಣ್ ಸಮ ಆಯ್ತ್ ಅಂದೇಳಿ ನಂಗ್ ಗೊತ್ತಿತ್ತ್." ಗುತ್ತಿಯ ಬೆನ್ನುಬಿಡದೆ ಮಲೆಯುದ್ದಕ್ಕೂ ನಡೆದುಬಂದ ಹುಲಿಯ ಎಂಬ ಅವನ ನಾಯಿ, ತುಂಬಿ ಹರಿಯುವ ತುಂಗೆಯಲ್ಲಿ ಕೊಚ್ಚಿಹೋಗುವ ಪುಟಗಳು ಅವು. ಅವಳ ಮನೆಯ ಹಳೆಯ ನಾಯಿ ಆ ವಾರವೇ ಊಟ ಬಿಟ್ಟು ಮಲಗಿತ್ತೆಂದು ಆಮೇಲೆ ತಿಳಿಯಿತು.

ಕಪಾಟಿನಿಂದ ನನ್ನ ಪ್ರತಿ ತೆಗೆದು ಜಗಲಿಯ ಬೆಳಕಿಗೆ ಬಂದು ಕುಳಿತೆ. ಎಡಗಣ್ಣು ಮುಚ್ಚಿ, ದುರಸ್ತಿಯಾದ ಬಲಗಣ್ಣೊಂದರಲ್ಲೇ ನೋಡಿದೆ. ಸಾಲುಗಳು ಹೆಚ್ಚುಕಡಿಮೆ ನೆಟ್ಟಗಿದ್ದವು. ದೃಷ್ಟಿಯಿಟ್ಟಲ್ಲಿ ಮಾತ್ರ ಅಕ್ಷರ ಇನ್ನೂ ತುಸು ಒಳಕ್ಕೆ ಎಳೆದಂತೆ, ಹುಲಿಯ ಎಂಬಲ್ಲಿ ನಡುವಿನ 'ಲಿ' ಉಳಿದೆರಡಕ್ಕಿಂತ ಚಿಕ್ಕದಾಗಿ ಕಾಣುತ್ತಿತ್ತು. ಎದುರಿಗೆ ಯಜಮಾನರು ಪತ್ರಿಕೆ ಮಡಚಿಟ್ಟು, "ಜೋರಾಗಿ ಓದು ಮಾರಾಯ್ತಿ, ಮನಸ್ಸಿನಲ್ಲೇ ಓದಿಕೊಂಡರೆ ನನಗೆ ಹೇಗೆ ಗೊತ್ತಾಗಬೇಕು?" ಎಂದರು.