ಬಸ್ಸು, ಮೆಟ್ರೋ ಟೈಮಿಂಗ್ ಹೊಂದಿಸುವ ಕೆಲಸದಲ್ಲಿ ಕಲಿತದ್ದು

ಬಸ್ಸು, ಮೆಟ್ರೋ, ರೈಲಿನ ಟೈಮಿಂಗ್ ಒಂದಕ್ಕೊಂದು ಹೊಂದಿಸುವುದು ನನ್ನ ಕೆಲಸ. ಹಾಗಂತ ಹೇಳಿದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ: "ಮತ್ತೆ ಮೆಟ್ರೋ ಇಳಿದ್ರೆ ಬಸ್ ಯಾಕ್ರೀ ಸಿಗಲ್ಲ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದ.

ಬೆಂಗಳೂರಿನೊಳಗೆ ಓಡುವ ಬಸ್ಸು ಬಿಎಂಟಿಸಿಯದ್ದು. ಹೊರ ಊರಿನದ್ದು ಕೆಎಸ್‌ಆರ್‌ಟಿಸಿಯದ್ದು. ಮೆಟ್ರೋ ಬಿಎಂಆರ್‌ಸಿಎಲ್‌ ಕೈಯಲ್ಲಿದೆ. ಬಂಗಾರಪೇಟೆ, ತುಮಕೂರು, ಮಂಡ್ಯದಿಂದ ದಿನಾ ಬಂದು ಹೋಗುವವರ ರೈಲು ನೈಋತ್ಯ ರೈಲ್ವೆಗೆ ಸೇರಿದ್ದು. ಬಿಎಂಟಿಸಿ 1997ರವರೆಗೆ ಕೆಎಸ್‌ಆರ್‌ಟಿಸಿ ಒಳಗೇ ಇತ್ತು, ಈಗ ಬೇರೆ ಮನೆ, ಬೇರೆ ಲೆಕ್ಕ. ಇವರನ್ನೆಲ್ಲ ಒಂದು ಕಡೆ ಕೂರಿಸಬೇಕು ಅಂತ 2022ರಲ್ಲಿ ಬಿಎಂಎಲ್‌ಟಿಎ, ಅಂದರೆ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಒಂದು ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಅನ್ನುವುದು ಇವತ್ತಿಗೂ ಡಿಪೋದ ಶೆಡ್ಯೂಲ್‌ನಲ್ಲೇ ಇರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಒಂದು ದೊಡ್ಡ ಎಕ್ಸೆಲ್ ಶೀಟ್ ತೆರೆಯುತ್ತಾರೆ. ಒಂದು ಕಾಲಮ್ಮಿನಲ್ಲಿ ಮೆಟ್ರೋ, ಪಕ್ಕದಲ್ಲಿ ಬಸ್ಸು, ಪ್ರತಿ ನಿಲ್ದಾಣಕ್ಕೂ. ಬೇಡ ಮಾರಾಯ್ರೇ ಅನ್ನುತ್ತೇನೆ. ಬೆಳಗ್ಗೆ ಐದು ನಿಮಿಷಕ್ಕೊಂದು ಮೆಟ್ರೋ, ಹತ್ತು ನಿಮಿಷಕ್ಕೊಂದು ಬಸ್ಸು ಇರುವ ಕಡೆ ಹೊಂದಿಸುವುದಕ್ಕೆ ಏನಿದೆ? ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಅಲ್ಲಿ ಬೇಕಾದದ್ದು ಬಸ್ಸುಗಳ ನಡುವೆ ಸಮ ಅಂತರ, ಅಷ್ಟೇ. ಗಂಟೆಗೆ ಮೂರು ಬಸ್ಸು ಸರಿಯಾಗಿ 20 ನಿಮಿಷಕ್ಕೊಂದು ಬಂದರೆ ಜನ ಸರಾಸರಿ 10 ನಿಮಿಷ ಕಾಯುತ್ತಾರೆ. ಅದೇ ಮೂರರಲ್ಲಿ ಎರಡು ಬಸ್ಸು ಒಂದರ ಹಿಂದೆ ಒಂದು ಬಂದು, ಮೂರನೆಯದು 40 ನಿಮಿಷದ ಮೇಲೆ ಬಂದರೆ ಸರಾಸರಿ ಸುಮಾರು 17 ನಿಮಿಷಕ್ಕೆ ಏರುತ್ತದೆ. ಎರಡೂ ದಿನ ರಿಜಿಸ್ಟರಿನಲ್ಲಿ "ಮೂರು ಟ್ರಿಪ್, ಓಡಿದೆ" ಅಂತಲೇ ಇರುತ್ತದೆ.

ಟೈಮಿಂಗ್ ಹೊಂದಿಸಬೇಕಾದದ್ದು ಗಾಡಿ ಕಮ್ಮಿ ಇರುವ ಕಡೆ. ಹಳದಿ ಮಾರ್ಗವನ್ನೇ ನೋಡಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಗ ಫೀಡರ್ ಬಸ್ಸು, ಅಂದರೆ ಮೆಟ್ರೋ ನಿಲ್ದಾಣದಿಂದ ಸುತ್ತಲಿನ ಬಡಾವಣೆಗೆ ಹೋಗುವ ಬಸ್ಸು, ರೈಲು ನೋಡಿಕೊಂಡು ಹೊರಡದಿದ್ದರೆ ಪ್ರಯಾಣಿಕರ ಗತಿ ಕಷ್ಟ. ರೈಲು ಜಾಸ್ತಿಯಾದ ಹಾಗೆ ಆ ತಲೆನೋವು ತಾನಾಗಿಯೇ ಇಳಿಯುತ್ತಾ ಬರುತ್ತದೆ. ಹಾಗಾಗಿ ನನ್ನ ಹೆಚ್ಚಿನ ಸಮಯ ಹೋಗುವುದು ಊರಿನ ಅಂಚಿಗೆ, ಅದರಲ್ಲೂ ರಾತ್ರಿಯ ಕೊನೆ ಟ್ರಿಪ್‌ಗಳಿಗೆ.

ಒಂದು ಉದಾಹರಣೆ ಹೇಳುತ್ತೇನೆ. ನಿಲ್ದಾಣದ ಹೆಸರು ಬೇಡ. ರಾತ್ರಿ 10.22ಕ್ಕೆ ಮೆಟ್ರೋ ಬರುತ್ತಿತ್ತು. ಕೆಳಗೆ ನಿಂತಿರುವ ಹಳ್ಳಿ ಕಡೆಯ ಕೊನೆ ಬಸ್ಸು 10.20ಕ್ಕೆ ಹೊರಡುತ್ತಿತ್ತು. ಎಸ್ಕಲೇಟರ್ ಮೇಲೆ ಓಡಿ ಇಳಿದವರಿಗೆ ಕಾಣುತ್ತಿದ್ದದ್ದು ತಿರುವಿನಲ್ಲಿ ಬಸ್ಸಿನ ಹಿಂಭಾಗ. ಆಮೇಲೆ ಆಟೋದವರ ಜೊತೆ ಚೌಕಾಸಿ. ಹತ್ತು ನಿಮಿಷ ಮುಂದೆ ಹಾಕಿ ಅಂದರೆ ಆಫೀಸಿನಲ್ಲಿ ಉತ್ತರ ಸಿದ್ಧವಾಗಿತ್ತು: ಡ್ರೈವರ್, ಕಂಡಕ್ಟರ್ ಡ್ಯೂಟಿ ಮೀರುತ್ತದೆ, ಓಟಿ (ಓವರ್‌ಟೈಮ್) ಕೊಡಬೇಕಾಗುತ್ತದೆ. ಇದು ಸುಮ್ನೆ ಹೇಳುವ ನೆಪ ಅಲ್ಲ. ಕಾನೂನಿನ ಪ್ರಕಾರ ದಿನಕ್ಕೆ ಎಂಟು ಗಂಟೆ ಕೆಲಸ. ಡ್ರೈವರ್ ಮಧ್ಯಾಹ್ನದಿಂದ ಸ್ಟೇರಿಂಗ್ ಹಿಡಿದಿರುತ್ತಾರೆ, ಅವರಿಗೂ ಮನೆ ಇದೆ.

ದಾರಿ ತೋರಿಸಿದವರು ಬಸ್ ಸ್ಟ್ಯಾಂಡಿನ ಟಿಸಿ, ಅಂದರೆ ಟ್ರಾಫಿಕ್ ಕಂಟ್ರೋಲರ್. ಟ್ರಿಪ್ ಶೀಟಿಗೆ ಸೀಲು ಒತ್ತುತ್ತಲೇ ಹೇಳಿದರು: "ಮೇಡಂ, ಹಗಲು ಈ ರೂಟಿಗೆ 50 ನಿಮಿಷ ಬೇಕು, ಸರಿ. ರಾತ್ರಿ ಹತ್ತರ ಮೇಲೆ ಯಾವ ಟ್ರಾಫಿಕ್ಕು? ಮೂವತ್ತೈದಕ್ಕೆ ಮುಟ್ಟಿಬಿಡ್ತಾರೆ. ಬೇಗ ಹೋದ್ರೆ ಕೇಳ್ತಾರಲ್ಲ ಅಂತ ದಾರೀಲಿ ನಿಲ್ಲಿಸ್ಕೊಂಡು ಕೂತಿರ್ತಾರೆ." ಶೆಡ್ಯೂಲ್ ತೆಗೆದು ನೋಡಿದರೆ ಅವರು ಹೇಳಿದಂತೆಯೇ ಇತ್ತು. ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ಒಂದೇ ರನ್ನಿಂಗ್ ಟೈಮ್. ಜಿಪಿಎಸ್ ದಾಖಲೆಯೂ ಅದನ್ನೇ ಹೇಳಿತು. ಬಸ್ಸನ್ನು 10.30ಕ್ಕೆ ಹಾಕಿದೆವು. ಡ್ಯೂಟಿ ಒಂದು ನಿಮಿಷವೂ ಹೆಚ್ಚಲಿಲ್ಲ, ಹೊಸ ಬಸ್ಸೂ ಬೇಕಾಗಲಿಲ್ಲ.

ರೈಲು ಬಂದ ಎಂಟು ನಿಮಿಷಕ್ಕೆ ಯಾಕೆ, ಮೂರು ಸಾಲದೇ ಅಂತ ಆಫೀಸಿನಲ್ಲಿ ಕೇಳಿದರು. ಪ್ಲಾಟ್‌ಫಾರ್ಮಿನಿಂದ ಇಳಿದು, ಗೇಟಿನ ಸಾಲು ದಾಟಿ, ಸ್ಕೈವಾಕ್ ಹತ್ತಿ ಇಳಿದು ಬಸ್ಸಿಗೆ ಬರಬೇಕು. ನಾವು ಆಫೀಸಿನವರು ಬೀಸಾಗಿ ನಡೆದು ಟೈಮ್ ಲೆಕ್ಕ ಹಾಕಿದರೆ ಪ್ರಯೋಜನವಿಲ್ಲ. ಎರಡು ಬ್ಯಾಗ್ ಹಿಡಿದ ಅಜ್ಜಿಯ ನಡಿಗೆಯೇ ಲೆಕ್ಕ.

ಇನ್ನೊಂದು ಮಾತು ಬಾಕಿ ಇತ್ತು. ರೈಲೇ ಮೂರು ನಾಲ್ಕು ನಿಮಿಷ ಲೇಟಾದರೆ? "ಬಸ್ಸನ್ನು ಐದು ನಿಮಿಷ ಹಿಡಿದು ನಿಲ್ಲಿಸಿ ಸಾರ್" ಅಂತ ಆ ಟಿಸಿಗೆ ಅಂದೆ. ಅವರು ನಕ್ಕರು. "ಬಾಯಲ್ಲಿ ಹೇಳಿದ್ರೆ ಆಗಲ್ಲ ಮೇಡಂ, ಬರೆದುಕೊಡಿ. ನಾಳೆ ಮೆಮೋ ಬರೋದು ನನಗೆ, ನಿಮಗಲ್ಲ." ಬರೆಸಿಕೊಟ್ಟೆವು. ಜೊತೆಗೆ ಮೆಟ್ರೋ ಸ್ಟೇಷನ್ ಕಂಟ್ರೋಲ್ ರೂಮಿನ ಫೋನ್ ನಂಬರ್ ಅವರ ಮೇಜಿನ ಗಾಜಿನಡಿ ಇಟ್ಟೆವು. ದೊಡ್ಡ ಡ್ಯಾಶ್‌ಬೋರ್ಡ್‌ಗಿಂತ ಆ ಒಂದು ಹಾಳೆ, ಒಂದು ನಂಬರ್ ಜಾಸ್ತಿ ಕೆಲಸ ಮಾಡಿದೆ ಅನ್ನುವುದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಮಾರುವವರು ಬೇಜಾರು ಮಾಡಿಕೊಳ್ಳಬಾರದು.

ಬಸ್ಸು ಬದಲಾಯಿಸಿ ಅಂತ ಜನರಿಗೆ ಹೇಳುವುದು ಸುಲಭ ಅಂದುಕೊಂಡವರು ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ನೆನಪಿಸಿಕೊಳ್ಳಲಿ. 2014ರಲ್ಲಿ ತುಮಕೂರು ರಸ್ತೆ ಕಡೆಯ ದೂರದ ಬಸ್ಸುಗಳನ್ನು ಅಲ್ಲಿಂದ ಬಿಟ್ಟು ನೋಡಿದರು. ಜನ ಒಪ್ಪಲಿಲ್ಲ, ಬಸ್ಸುಗಳು ವಾಪಸ್ ಮೆಜೆಸ್ಟಿಕ್‌ಗೇ ಬಂದವು. ಕಟ್ಟಡ ಚೆನ್ನಾಗಿಯೇ ಇತ್ತು. ಲಗೇಜು ಹೊತ್ತು ಅಲ್ಲಿಂದ ಮುಂದೆ ಹೋಗುವುದು ಹೇಗೆ ಅನ್ನುವುದೇ ಸಮಸ್ಯೆ. ಕೆಂಗೇರಿಯಲ್ಲಿ ಮೆಟ್ರೋ ಬಸ್ ಟರ್ಮಿನಲ್ ಪಕ್ಕದಲ್ಲೇ ನಿಲ್ಲುತ್ತದೆ, ಅಲ್ಲಿ ಜನ ಗೊಣಗದೆ ಬದಲಾಯಿಸುತ್ತಾರೆ.

ಜನರ ಅಭ್ಯಾಸ ನೋಡಿ ಟೈಮ್ ಬದಲಿಸಿದ್ದೂ ಉಂಟು. ಊರಿಗೆ ಹೋದವರು ಸೋಮವಾರ ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ ಅಲ್ವಾ? ಅವರಿಗಾಗಿ 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಮೆಟ್ರೋ ಶುರು ಮಾಡಿದರು.

ಸದ್ಯ ನಾನು ಗುದ್ದಾಡುತ್ತಿರುವುದು ಭಾನುವಾರದ ಜೊತೆ. ಅವತ್ತು ಮೆಟ್ರೋ ಹೊರಡುವುದೇ ಏಳಕ್ಕೆ. ರಾತ್ರಿ ರೈಲುಗಳು ಅಷ್ಟರೊಳಗೆ ಬಂದಿರುತ್ತವೆ, ಡಿಪೋಗಳಲ್ಲಿ ಅವತ್ತು ಶೆಡ್ಯೂಲೂ ಕಮ್ಮಿ. ಇರುವ ಬಸ್ಸುಗಳನ್ನು ಐದರಿಂದ ಏಳರೊಳಗೆ ಯಾವ ರೂಟಿಗೆ ಬಿಡಬೇಕು ಅಂತ ಈ ವಾರ ಮೆಜೆಸ್ಟಿಕ್‌ನ ಟಿಸಿಗಳನ್ನು ಕೇಳಲು ಹೋಗುತ್ತಿದ್ದೇನೆ. ಶೀಟ್ ಆಮೇಲೆ ತೆರೆದರಾಯಿತು.